ಹಡಿಲು ಭೂಮಿಯ ಹಳೆಯ ಒಕ್ಕಲನ್ನು ಗುರುತಿಸುವ ಕ್ರಮ

ಒಕ್ಕಲು ಎದ್ದುಹೋದರೂ ನೆಲದ ಹೆಸರು ಬೇಗನೆ ಅಳಿಯುವುದಿಲ್ಲ. ಪುತ್ತೂರಿನಿಂದ ಸುಳ್ಯಕ್ಕೆ ಹೋಗುವ ದಾರಿಯಲ್ಲಿರುವ ಕುಂಬ್ರದ ಸುತ್ತಿನ ಗ್ರಾಮಗಳಲ್ಲಿ ಹಡಿಲು ಬಿದ್ದ ಭೂಮಿಯನ್ನು ಮತ್ತೆ ಸಾಗುವಳಿಗೆ ತರಲೆಣಿಸುವ ಬೇಸಾಯಗಾರನು ಮೊದಲು ಆ ಹೆಸರನ್ನು ವಿಚಾರಿಸುವುದು ಲೇಸು. ನೀರಿಲ್ಲದ ಎಡೆಯಲ್ಲಿ ಅಡಿಕೆ ನೆಟ್ಟರೆ ಫಲ ಕಾಣುವ ಮೊದಲೇ ಐದಾರು ವರ್ಷಗಳ ದುಡಿಮೆಯೂ ಹಣವೂ ನಷ್ಟವಾಗುವುವು.

ಈ ಜಿಲ್ಲೆಯ ಗದ್ದೆಗಳಲ್ಲಿ ಬೈಲು, ಮಜಲು, ಬೆಟ್ಟು ಎಂದು ಮೂರು ಭೇದಗಳುಂಟು. 1801ರಲ್ಲಿ ಕೆನರಾದಲ್ಲಿ ಸಂಚರಿಸಿದ ವೈದ್ಯ ಬುಕಾನನನೂ ಇವನ್ನು ಬರೆದಿಟ್ಟಿದ್ದಾನೆ. ಬೈಲು ತಗ್ಗಿನದು, ತೋಡಿನ ನೀರುಳ್ಳದ್ದು. ಏಣೆಲು, ಸುಗ್ಗಿ, ಕೊಳಕೆ ಎಂಬ ಮೂರು ಬೆಳೆಗಳನ್ನೂ ಕೊಡಬಲ್ಲದು. ಮಜಲಿನಲ್ಲಿ ಎರಡು, ಮಳೆಯನ್ನೇ ನಂಬಿದ ಬೆಟ್ಟಿನಲ್ಲಿ ಒಂದು. ಆದುದರಿಂದ ಈಗ ಬರಿಯ ಕಾಡಾಗಿರುವ ಕಣಿವೆಯ ಹೆಸರು ‘ಬೈಲು’ ಎಂದು ಮುಗಿಯುತ್ತಿದ್ದರೆ, ಅಲ್ಲಿ ಹಿಂದೆ ಗದ್ದೆಯೂ ಅದನ್ನು ಉಳುವ ಮನೆಯೂ ಇದ್ದಿರಬೇಕೆಂದು ಊಹಿಸಬಹುದು. ‘ಅಡ್ಕ’ವು ಇದಕ್ಕೆ ವಿರುದ್ಧವಾದ ಒಣನೆಲ. ಕುಂಬ್ರಕ್ಕೆ ಸಮೀಪದ ಅರಿಯಡ್ಕದಲ್ಲಿ ಈ ಪದವಿದೆ. 1986ರಲ್ಲಿ ಪುತ್ತೂರಿನಲ್ಲಿ ಸ್ಥಾಪಿತವಾದ ಗೇರು ಸಂಶೋಧನ ಕೇಂದ್ರವಿರುವ ಮೊಟ್ಟೆತ್ತಡ್ಕದಲ್ಲಿಯೂ ಇದೆ. ಗೇರಿಗೆ ಒಪ್ಪುವ ನೆಲವೆಂಬುದನ್ನು ಹೆಸರೇ ಹೇಳುವಂತಿದೆ.

‘ಕುಮೇರಿ’ಯೆಂದರೆ ಕಾಡು ಕಡಿದು ಸುಟ್ಟು, ಒಂದೆರಡು ವರ್ಷ ಬಿತ್ತಿ ಬಿಟ್ಟುಬಿಡುವ ಬೇಸಾಯ. 1860ರಲ್ಲಿ ಮದರಾಸು ಸರಕಾರವು ಅಪ್ಪಣೆಯಿಲ್ಲದ ಕುಮೇರಿಯನ್ನು ನಿಷೇಧಿಸಿತು. ಆ ಹೆಸರುಳ್ಳ ಕಡೆ ಸ್ಥಿರವಾದ ಗದ್ದೆಯನ್ನು ಹುಡುಕಿ ಪ್ರಯೋಜನವಿಲ್ಲ. ಧ್ವನಿ ಹೋಲುವುದೆಂಬ ಮಾತ್ರಕ್ಕೆ ಕುಂಬ್ರವನ್ನೂ ಕುಮೇರಿಗೆ ಎಳೆಯುವುದು ತರವಲ್ಲ.

ಹೆಸರೊಂದೇ ಸಾಲದು, ಗ್ರಾಮನಕ್ಷೆಯನ್ನೂ ನೋಡತಕ್ಕದ್ದು. ದೊಡ್ಡ ಸರ್ವೆ ನಂಬ್ರಗಳ ನಡುವೆ ಸಣ್ಣ, ನೀಳವಾದ ತುಂಡುಗಳು ತೋಡಿನ ಇಕ್ಕೆಲಗಳಲ್ಲಿ ಸಾಲಾಗಿದ್ದರೆ ಅವು ಮೆಟ್ಟಿಲಾಗಿ ಮಾಡಿದ ಗದ್ದೆಗಳಾಗಿರುವ ಸಂಭವ ಹೆಚ್ಚು. ಅದೇ ನಂಬ್ರವು ಹಳೆಯ ಸೆಟ್ಲ್‌ಮೆಂಟ್ ರಿಜಿಸ್ಟರಿನಲ್ಲಿ ನಂಜವೆಂದೂ ಈಗಿನ ಪಹಣಿಯಲ್ಲಿ ಬೀಳೆಂದೂ ಇದ್ದರೆ, ಸಾಗುವಳಿ ನಿಂತುದು ಆ ಎರಡು ದಾಖಲೆಗಳ ನಡುವಣ ಕಾಲದಲ್ಲಿ.

ಬಳಿಕ ಸ್ಥಳಪರೀಕ್ಷೆ. ಹಾಳುಬಾವಿ, ಮುರಕಲ್ಲಿನ ಪಂಚಾಂಗ, ಪೊದೆಗಳ ನಡುವಿನ ಹಳೆಯ ಹಲಸು, ನಾಗಬನ ಇವು ಮನೆಯಿದ್ದುದರ ಗುರುತುಗಳು. ಮನೆ ಬಿಟ್ಟು ಹೋದವರು ನಾಗನಿಗೆ ತಂಬಿಲ ಕೊಡಲು ಬರುವುದುಂಟು. ಹಾಗೆ ಬಂದ ಹಿರಿಯರಲ್ಲಿ, ತೋಡಿಗೆ ಎಲ್ಲಿ ಕಟ್ಟ ಹಾಕುತ್ತಿದ್ದರೆಂದೂ ಬೇಸಗೆಯಲ್ಲಿ ಅದರ ನೀರು ಯಾವ ಗದ್ದೆಯವರೆಗೆ ಹರಿಯುತ್ತಿತ್ತೆಂದೂ ಕೇಳಿ, ಹೊಸ ತೋಟದ ಮೇಲಿನ ಗಡಿಯನ್ನು ಅಲ್ಲಿಗೇ ನಿಲ್ಲಿಸತಕ್ಕದ್ದು.