ಭಯವೇ ಪುರಾವೆಯಲ್ಲ

ಹರಿಹರದ ಆರೋಗ್ಯ ಮಾತೆಯ ಹಬ್ಬ ಸೆಪ್ಟೆಂಬರ್ 8ರಂದು. 2001ರಲ್ಲಿ ಆ ಹಬ್ಬ ಕಳೆದ ಮೂರನೇ ದಿನ ಅಮೆರಿಕದಲ್ಲಿ ಉಗ್ರರು ವಿಮಾನಗಳನ್ನು ಅಪಹರಿಸಿ ಸುಮಾರು 3,000 ಜನರನ್ನು ಕೊಂದರು. ಜನ ಭಯಪಟ್ಟದ್ದು ಸಹಜ. ಆ ಭಯವನ್ನು ಅಲ್ಲಿನ ಸರಕಾರ ಹೇಗೆ ಬಳಸಿಕೊಂಡಿತು ಎಂಬುದನ್ನು ಇಂದು ವಿಚಾರ ಮಾಡೋಣ.

ಕೃತ್ಯ ಅಲ್ ಖೈದಾದ್ದು. ಆದರೆ ವರ್ಷ ಕಳೆಯುವಷ್ಟರಲ್ಲಿ ಬೆರಳು ಇರಾಕಿನ ಕಡೆ ತಿರುಗಿತ್ತು. ಸದ್ದಾಂ ಹುಸೇನನೇ ಮಾಡಿಸಿದನೆಂದು ಅಧ್ಯಕ್ಷ ಬುಷ್ ನೇರವಾಗಿ ಹೇಳಲಿಲ್ಲ. ಎರಡೂ ಹೆಸರುಗಳನ್ನು ಒಟ್ಟೊಟ್ಟಿಗೆ ಎತ್ತುತ್ತಾ ಬಂದರು. 2003ರ ಒಂದು ಸಮೀಕ್ಷೆಯಲ್ಲಿ ನೂರಕ್ಕೆ 69 ಅಮೆರಿಕನ್ನರು ಸದ್ದಾಮನ ಕೈವಾಡ ಇದ್ದಿರಬಹುದು ಎಂದರು. ಪುರಾವೆ ಎಲ್ಲಿ ಎಂದು ಕೇಳಿದರೆ, ಅದಕ್ಕಾಗಿ ಕಾದು ಕುಳಿತರೆ ಅದು ಅಣುಬಾಂಬಿನ ಹೊಗೆಯಾಗಿಯೇ ಬಂದೀತು ಎಂಬ ಉತ್ತರ! ಮಾತಿನ ಚಮತ್ಕಾರ ನೋಡಿ: ಪುರಾವೆ ಇಲ್ಲದಿರುವುದೇ ಯುದ್ಧಕ್ಕೆ ಕಾರಣವಾಗಿಬಿಟ್ಟಿತು.

ಧರ್ಮಸಭೆಯ ಧರ್ಮೋಪದೇಶ ಗ್ರಂಥ (ಸಂಖ್ಯೆ 2309) ಆತ್ಮರಕ್ಷಣೆಯ ಯುದ್ಧವನ್ನು ಪೂರ್ತಿ ನಿಷೇಧಿಸುವುದಿಲ್ಲ. ಆದರೆ ಆಕ್ರಮಣಕಾರನಿಂದಾಗುವ ಹಾನಿ ಘೋರವೂ ದೀರ್ಘಕಾಲದ್ದೂ ಖಚಿತವೂ ಆಗಿರಬೇಕು, ಬೇರೆ ದಾರಿಗಳೆಲ್ಲ ಮುಚ್ಚಿರಬೇಕು ಎನ್ನುತ್ತದೆ. ‘ಖಚಿತ’ ಎಂಬ ಒಂದೇ ಪದಕ್ಕೆ ಇರಾಕ್ ಯುದ್ಧದ ವಾದ ನಿಲ್ಲುವುದಿಲ್ಲ. ಜಗದ್ಗುರು ಎರಡನೇ ಜಾನ್ ಪೌಲರು 2003ರ ವಿಭೂತಿ ಬುಧವಾರದಂದು ಶಾಂತಿಗಾಗಿ ಉಪವಾಸಕ್ಕೆ ಕರೆಕೊಟ್ಟರು. ಅದೇ ದಿನ ಕಾರ್ಡಿನಲ್ ಪಿಯೊ ಲಘಿ ಅವರ ಪತ್ರವನ್ನು ಬುಷ್‌ಗೆ ತಲುಪಿಸಿದರು. ಫಲವಾಗಲಿಲ್ಲ. ಮಾರ್ಚ್ 20ರಂದು ಯುದ್ಧ ಶುರುವಾಯಿತು. ಇವೆ ಎಂದಿದ್ದ ಮಹಾವಿನಾಶಕ ಅಸ್ತ್ರಗಳ ದಾಸ್ತಾನು ಸಿಗಲೇ ಇಲ್ಲ. ಸತ್ತ ಇರಾಕಿಗಳು ಲಕ್ಷಕ್ಕೂ ಹೆಚ್ಚು.

ಇದೆಲ್ಲ ದೂರದ ಮಾತೆನ್ನುವಂತಿಲ್ಲ. 2025ರ ಏಪ್ರಿಲ್ 22ರಂದು ಪಹಲ್ಗಾಮ್‌ನಲ್ಲಿ ಉಗ್ರರು ಕೊಂದ 26 ಜನರಲ್ಲಿ ನಮ್ಮ ನೆರೆಯ ಶಿವಮೊಗ್ಗದವರೊಬ್ಬರೂ ಇದ್ದರು. ಕೊಂದವರಿಗೆ ಶಿಕ್ಷೆಯಾಗಬೇಕೆನ್ನುವುದು ನ್ಯಾಯವೇ. ಅದನ್ನು ಇರಾಕಿನ ಕಥೆಗೆ ಸಮ ಮಾಡಲಾರೆ. ಆದರೆ ಮೇ 8ರ ರಾತ್ರಿ ನಮ್ಮ ಕೆಲವು ಟಿವಿ ವಾಹಿನಿಗಳು ಕರಾಚಿ ಬಂದರೇ ನಾಶವಾಯಿತೆಂದು ಸಾರಿದವು. ಅದು ಶುದ್ಧ ಸುಳ್ಳು. ಭಯ, ಸಿಟ್ಟು ಎರಡೂ ಇದ್ದಾಗ ಸುಳ್ಳು ಸುಲಭವಾಗಿ ಗಂಟಲಿಳಿಯುತ್ತದೆ; ಆಳುವವರಿಗೆ ಇದು ಚೆನ್ನಾಗಿ ಗೊತ್ತು.

ದಾವಣಗೆರೆಯಲ್ಲಾಗಲಿ ಹರಿಹರದಲ್ಲಾಗಲಿ, ರಾತ್ರಿ ಊಟಕ್ಕೆ ಕುಳಿತಾಗ ಟಿವಿ ನೋಡುತ್ತಾ ಮಗ ‘ಇನ್ನು ಯುದ್ಧವೇ ಸರಿ’ ಎಂದರೆ ಗದರಬೇಡಿ. ಮಾಡಿದವರು ಯಾರು, ಹೊಡೆಯಹೊರಟಿರುವುದು ಯಾರನ್ನು, ಇಬ್ಬರೂ ಒಂದೇ ಎಂದು ನಿನಗೆ ಹೇಗೆ ಗೊತ್ತು ಎಂದು ಕೇಳಿ. ಉತ್ತರ ಹುಡುಕಲು ಅವನಿಗೆ ಎರಡು ದಿನ ಸಮಯ ಕೊಡಿ.