ಬಸುರಿಯ ಘೋರ ವಾಂತಿಯೂ ಆಸ್ಪತ್ರೆಯ ವಾಸವೂ

ಬಯಕೆಯ ಸಂಕಟವನ್ನು ನಾವೆಲ್ಲರೂ ಬಲ್ಲೆವು. ಬಹುಮಂದಿ ಬಸುರಿಯರಿಗೆ ಅದು ಆರನೆಯ ವಾರದ ಸುಮಾರಿಗೆ ತೊಡಗಿ, 20ನೆಯ ವಾರದೊಳಗೆ ತಾನೇ ಶಮನವಾಗುವದು. ಆದರೆ ನೂರರಲ್ಲಿ ಒಬ್ಬಿಬ್ಬರಿಗೆ ಗುಟುಕು ನೀರೂ ನಿಲ್ಲದಷ್ಟು ಘೋರವಾದ ವಾಂತಿಯುಂಟಾಗುವದು. ಇಂಥವಳು ಆಸ್ಪತ್ರೆಯಲ್ಲಿ ಎಷ್ಟು ದಿನ ಇರಬೇಕಾಗುವದೆಂಬದು ಯಾವ ಯಾವ ಕಾರಣಗಳಿಂದ ನಿರ್ಣಯವಾಗುವದೆಂದು ಈ ಪಾಠದಲ್ಲಿ ವಿಚಾರಿಸುವೆವು.

ಮೊದಲನೆಯದು, ತಡ. ವಾಂತಿಯಿಂದ ದೇಹದ ನೀರೂ ಲವಣಗಳೂ ಕಳೆದುಹೋಗುವವು. ಬೇಗನೆ ಬಂದವಳಿಗೆ ರಕ್ತನಾಳದ ಮೂಲಕ ಸಲೈನನ್ನೂ ವಾಂತಿ ತಡೆಯುವ ಔಷಧವನ್ನೂ ಕೊಟ್ಟರೆ, ಅನೇಕವೇಳೆ ಒಂದೆರಡು ದಿನಗಳಲ್ಲಿ ಮನೆಗೆ ಹಿಂದಿರುಗುವಳು. ವಾರಗಟ್ಟಲೆ ಉಣ್ಣದೆ ಸೊರಗಿ ಬಂದವಳಿಗಾದರೋ ಪೊಟ್ಯಾಸಿಯಮ್ ಎಂಬ ಲವಣವನ್ನು ಮೆಲ್ಲಮೆಲ್ಲನೆ ತುಂಬಬೇಕು; ಬಿ-1 ಜೀವಸತ್ವವನ್ನು ಗ್ಲೂಕೋಸಿಗಿಂತ ಮೊದಲೇ ಕೊಡಬೇಕು, ಇಲ್ಲವಾದರೆ ಮೆದುಳಿಗೆ ಕೇಡಾದೀತು.

ಎರಡನೆಯದು, ಜೊತೆಗೂಡಿದ ತೊಂದರೆಗಳು. ಅವಳಿ ಮಕ್ಕಳ ಬಸುರು, ಮೂತ್ರದ ಸೋಂಕು, ಸಕ್ಕರೆ ರೋಗ, ಥೈರಾಯ್ಡ್ ಗ್ರಂಥಿಯ ದೋಷ ಇವುಗಳಿದ್ದರೆ ಪರೀಕ್ಷೆಗೂ ಚಿಕಿತ್ಸೆಗೂ ಹೆಚ್ಚು ದಿನ ಹಿಡಿಯಬಹುದು.

ಮೂರನೆಯದು, ಮನೆ. ಗುಣವಾಗಿ ಬಂದವಳು ಔಷಧವನ್ನು ನಿಲ್ಲಿಸಿ, ಮರುದಿನವೇ ಒಲೆಯ ಹೊಗೆಗೂ ಹೊಲದ ಬಿಸಿಲಿಗೂ ಹೋದರೆ ತಿರಿಗಿ ಆಸ್ಪತ್ರೆ ಸೇರಬೇಕಾದೀತು.

ಕೆಲವರು ಇದನ್ನು ಹವ್ವಳ ಶಾಪವೆನ್ನುವರು. ಕೆಲವರು ಸೊಸೆಯ ಸೋಗೆನ್ನುವರು. ಎರಡೂ ತಪ್ಪು. ಗರ್ಭದ ಮಾಸಿನಿಂದ ಹುಟ್ಟುವ ಜಿ.ಡಿ.ಎಫ್. 15 ಎಂಬ ರಸವು ತಾಯಿಯ ಮೆದುಳನ್ನು ಕಲಕುವದು ಇದಕ್ಕೆ ಮುಖ್ಯ ಕಾರಣವೆಂದು 2023ರಲ್ಲಿ ಪ್ರಕಟವಾದ ಸಂಶೋಧನೆಯು ತೋರಿಸಿತು. ರಕ್ತಕುಸುಮರೋಗವಿದ್ದ ಹೆಂಗಸಿಗೆ ಕರ್ತನು, ಇನ್ನೂ ತಾಳಿಕೊಂಡಿರು ಎನ್ನಲಿಲ್ಲ. ಆಕೆಯನ್ನು ಮಗಳೆಂದು ಕರೆದು ಸಮಾಧಾನದಿಂದ ಕಳುಹಿಸಿದನು (ಮಾರ್ಕ 5ನೆಯ ಅಧ್ಯಾಯ).

ಇಂಗ್ಲೆಂಡಿನ ಹಾವರ್ತ್ ಗ್ರಾಮದ ಪಾದ್ರಿಯ ಮಗಳೂ ಪ್ರಸಿದ್ಧ ಗ್ರಂಥಕರ್ತೆಯೂ ಆದ ಶಾರ್ಲಟ್ ಬ್ರಾಂಟಿಯು ಮದುವೆಯಾದ ಒಂಭತ್ತು ತಿಂಗಳಲ್ಲಿ, 1855ರ ಮಾರ್ಚ್ 31ರಂದು, ಬಸುರಿಯಾಗಿರುವಾಗಲೇ ತೀರಿಹೋದಳು. ಈ ವ್ಯಾಧಿಯೇ ಆಕೆಯ ಮರಣಕ್ಕೆ ಕಾರಣವೆಂದು ಅನೇಕ ವೈದ್ಯರು ಎಣಿಸುತ್ತಾರೆ. ಆಕೆಗೆ ದೊರೆಯದ ಚಿಕಿತ್ಸೆಯು ಇಂದು ನಮ್ಮ ತಾಲೂಕು ಆಸ್ಪತ್ರೆಗಳಲ್ಲಿಯೂ ಉಂಟು.

ಆದಕಾರಣ ಇಡೀ ದಿನ ಏನೂ ಹೊಟ್ಟೆಯಲ್ಲಿ ನಿಲ್ಲದಿದ್ದರೆ, ಎಂಟು ತಾಸು ಮೂತ್ರವಾಗದಿದ್ದರೆ, ಎದ್ದು ನಿಂತಾಗ ತಲೆ ತಿರುಗಿದರೆ, ವಾಂತಿಯಲ್ಲಿ ರಕ್ತ ಕಂಡರೆ, ಅಥವಾ 50 ಕಿಲೋ ತೂಕದವಳು ಎರಡೂವರೆ ಕಿಲೋ ಇಳಿದರೆ, ಅದೇ ದಿನ ಅವಳನ್ನು ಆಸ್ಪತ್ರೆಗೆ ಕರೆದೊಯ್ಯಿರಿ. ವಾಹನವಿಲ್ಲದವರು 108ಕ್ಕೆ ಕರೆಮಾಡಲಿ. ನೆರೆಯ ಸಹೋದರಿಯರು ಅವಳ ಅಡಿಗೆಯನ್ನೂ ಮಕ್ಕಳನ್ನೂ ನೋಡಿಕೊಳ್ಳಲಿ. ಸಭೆಯಲ್ಲಿ ಅವಳಿಗಾಗಿ ಪ್ರಾರ್ಥಿಸೋಣ. ಪ್ರಾರ್ಥಿಸುವದಕ್ಕಾಗಿ ಹೊರಡುವದನ್ನು ಮಾತ್ರ ತಡಮಾಡದಿರೋಣ.