ಪರದೆಯು ಕೊಡಬೇಕಾದ ಉತ್ತರ

ಕ್ರಿಕೆಟ್ ಪಂದ್ಯದಲ್ಲಿ ಅಂಪೈರು ಸಂಜ್ಞೆ ಮಾಡಿದ ಮಾತ್ರಕ್ಕೆ ಅವನ ಕೆಲಸ ಮುಗಿಯುವುದಿಲ್ಲ. ಅಂಕ ಬರೆಯುವವನು 'ಕಂಡೆ' ಎಂದು ತಿಳಿಸುವವರೆಗೆ ಆಟವನ್ನು ಮುಂದುವರಿಸಬಾರದೆಂಬುದು ನಿಯಮ. ಹೇಳಿದ್ದು ಮುಟ್ಟಿತೆಂಬುದಕ್ಕೆ ಉತ್ತರ ಬೇಕೆಂಬುದೇ ಇದರ ತತ್ತ್ವ. ಪಂದ್ಯದ ಫಲವನ್ನು ಮೊದಲೇ ಊಹಿಸುವ ಮೊಬೈಲ್ ಆಟಗಳ ಪರದೆಗೂ ಇದೇ ತತ್ತ್ವ ಆಧಾರವಾಗಬೇಕೆಂದು ನನ್ನ ಅಭಿಪ್ರಾಯ. ಹಣ ಕಟ್ಟಿ ಆಡುವ ಆಟಗಳನ್ನು 2025ರ ಕೇಂದ್ರ ಕಾಯಿದೆಯು ನಿಷೇಧಿಸಿದೆ; ನಾನು ಹೇಳುವುದು ಬರಿಯ ಅಂಕಗಳಿಗಾಗಿ ಆಡುವ ಆಟಗಳನ್ನು ಕುರಿತು.

ಹಾಸ್ಟೆಲಿನಲ್ಲಿ ನಾವು ಕೆಲವರು ಇಂಥದೊಂದು ಆಟವನ್ನು ಆಡುತ್ತಿದ್ದೆವು. ಊಹೆ ಸರಿಯಾದರೆ ಹಸಿರು ಚುಕ್ಕೆ, ತಪ್ಪಿದರೆ ಕೆಂಪು ಚುಕ್ಕೆ. ನನ್ನ ಕೊಠಡಿಯ ಗೆಳೆಯನು ಪ್ರತಿಸಲವೂ "ನಂದು ಏನಾಯ್ತು ನೋಡ್ರೋ" ಎಂದು ಕೇಳುವನು, ನಾವು ನಗುವೆವು. ಅವನ ಕಣ್ಣಿಗೆ ಕೆಂಪು ಹಸಿರುಗಳ ಭೇದ ಕಾಣದೆಂದು ತಿಳಿದ ದಿನ ನಮಗೆ ನಾಚಿಕೆಯಾಯಿತು. ಈ ದೋಷಕ್ಕೆ ಕಾರಣವಾದ ಜೀನುಗಳು ಎಕ್ಸ್ ವರ್ಣತಂತುವಿನಲ್ಲಿರುವುದರಿಂದ ಇದು ಗಂಡಸರಲ್ಲಿಯೇ ಹೆಚ್ಚು. ಕ್ರಿಕೆಟ್ ನೋಡುವವರಲ್ಲಿ ಗಂಡಸರು ಎಷ್ಟು ಮಂದಿ ಎಂಬುದನ್ನು ಹೇಳಬೇಕಾಗಿಲ್ಲ.

ಆಟಗಾರನು ಪರದೆಯಿಂದ ಮೂರು ಉತ್ತರಗಳನ್ನು ಬಯಸುತ್ತಾನೆ. ಮೊದಲನೆಯದು, ನನ್ನ ಊಹೆ ದಾಖಲಾಯಿತೆ? ಒತ್ತಿದೊಡನೆ ಗುಂಡಿಯು ಸ್ವರೂಪ ಬದಲಿಸಬೇಕು. ಸೆಕೆಂಡಿನ ಹತ್ತನೆಯ ಒಂದು ಭಾಗದೊಳಗೆ ಉತ್ತರ ಬಂದರೆ ಅದು ತಕ್ಷಣ ಬಂದಂತೆ ತೋರುತ್ತದೆಂದು ಜೇಕಬ್ ನೀಲ್ಸನ್ 1993ರ ತಮ್ಮ ಗ್ರಂಥದಲ್ಲಿ ಹೇಳಿದ್ದಾರೆ. ಆದರೆ ನಿಜವಾಗಿ ದಾಖಲಾಗುವ ಮುನ್ನ 'ದಾಖಲಾಯಿತು' ಎಂದು ತೋರಿಸುವುದು ಸುಳ್ಳು. ಅಲ್ಲಿಯವರೆಗೆ 'ಕಳುಹಿಸಲಾಗುತ್ತಿದೆ' ಎಂದಿರಬೇಕು. ಹಳ್ಳಿಯಲ್ಲಿ ಸಿಗ್ನಲ್ ಹೋಗಿಬರುವ ಕಡೆ ಈ ಭೇದ ಸಣ್ಣದಲ್ಲ. ಎರಡನೆಯದು, ಇನ್ನೂ ಬದಲಾಯಿಸಬಹುದೆ? ಉಳಿದ ವೇಳೆಯನ್ನು ಅಂಕಿಗಳಲ್ಲಿ ತೋರಿಸಿ, ಗಡುವು ಮುಗಿದ ಮೇಲೆ ಬೀಗದ ಚಿತ್ರವನ್ನಿಡಬೇಕು. ಮೂರನೆಯದು, ಗೆದ್ದೆನೆ, ಸೋತೆನೆ? ಇದಕ್ಕೆ ಬಣ್ಣದ ಜೊತೆಗೆ ಗುರುತು, ಮಾತು, ದೊರೆತ ಅಂಕ ಇವೂ ಬೇಕು. ಬಣ್ಣವೊಂದರಿಂದಲೇ ಅರ್ಥ ತಿಳಿಸಕೂಡದೆಂದು ಜಾಲತಾಣಗಳ ಅಂತರರಾಷ್ಟ್ರೀಯ ಮಾರ್ಗಸೂಚಿಯು 2008ರಲ್ಲಿಯೇ ವಿಧಿಸಿದೆ. ಅಂಪೈರಿನ ಸಂಜ್ಞೆಗಳೂ ಹಾಗೆಯೇ: ಎರಡು ಕೈ ಎತ್ತಿದರೆ ಆರು, ಒಂದು ಬೆರಳೆತ್ತಿದರೆ ಔಟು. ಬಣ್ಣ ಕಾಣದವನಿಗೂ ಅವು ತಿಳಿಯುತ್ತವೆ.

ಈಗ ನಮ್ಮ ಕೊಠಡಿಯ ಗೋಡೆಯ ಮೇಲೆ ಒಂದು ಹಾಳೆಯಿದೆ. ಗೆದ್ದವರ ಹೆಸರಿನ ಮುಂದೆ 'ಸರಿ' ಗುರುತು, ಸೋತವರ ಮುಂದೆ ಅಡ್ಡಗೀಟು. ಗೆಳೆಯನು ಈಗ ಯಾರನ್ನೂ ಕೇಳುವುದಿಲ್ಲ. ತಾನೇ ನೋಡಿ, ಸೋತಾಗ ತಾನೇ ಬೈದುಕೊಳ್ಳುತ್ತಾನೆ.